ಓದಲು ಬಾರದ ಸಾಕ್ಷಿ

ದುರ್ಗಾ ಎಷ್ಟು ಸಲ ಓದಿದರೂ ಟ್ಯಾಬಿನ ಪರದೆಯ ಮೇಲಿನ ಸಾಲು ಕೆಂಪಗೇ ಉಳಿಯಿತು. ಮಕ್ಕಳು ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡು, ಸರಿಯಾದ ಪದವನ್ನು ಹಸಿರು, ತಪ್ಪಿದ್ದನ್ನು ಕೆಂಪು ಮಾಡಿ ತೋರಿಸುವ ಆ್ಯಪ್ ಅದು. ಕೊನೆಗೆ ‘ಅಕ್ಷರ ಕಲಿಕೆಯಿಂದ ಪ್ರಾರಂಭಿಸಿ’ ಎಂದಿತು. ಹೊಸಹಳ್ಳಿ ಹತ್ತಿರದ ಆ ಶಾಲೆಗೆ ಹೊಸದಾಗಿ ಬಂದಿದ್ದ ಗೀತಾಂಜಲಿ ಟೀಚರಿಗೂ ಹುಡುಗಿ ಏನು ಓದಿದಳೆಂದು ತಿಳಿಯಲಿಲ್ಲ. ದುರ್ಗಾ ತುಟಿ, ಅಂಗುಳ ಎರಡೂ ಸೀಳಿಕೊಂಡೇ ಹುಟ್ಟಿದವಳು. ಬಳ್ಳಾರಿಯಲ್ಲಿ ಆಪರೇಷನ್ ಆಗಿ ತುಟಿ ಕೂಡಿಕೊಂಡಿತ್ತು. ಮಾತು ಮಾತ್ರ ಮೂಗಿನಲ್ಲೇ ಉಳಿದಿತ್ತು. ನಾಲ್ಕನೇ ತರಗತಿಯ ಹುಡುಗಿಯನ್ನು ಗೀತಾಂಜಲಿ ಒಂದನೇ ತರಗತಿಯ ಮಕ್ಕಳ ಜೊತೆ ಕೂರಿಸಿದಳು.

ಮರುದಿನ ದುರ್ಗಾ ಶಾಲೆಗೆ ಬರಲಿಲ್ಲ. ಅದರ ಮರುದಿನ ತಾಯಿ ಎರ್ರೆಮ್ಮನೇ ಕೈ ಹಿಡಿದು ಕರೆತಂದಳು. ಶೇಂಗಾ ಕೀಳುವ ಕೆಲಸ ಬಿಟ್ಟು ಬಂದಿದ್ದಳು. ಸೀರೆಯ ಅಂಚಿನಲ್ಲಿ ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು.

“ಸಣ್ಣ ಹುಡ್ರ ಜೊತಿ ಕುಂದ್ರಂಗಿಲ್ಲ ಅಂತಾಳ್ರಿ ಟೀಚರ್. ಆಕಿಗೆ ಓದಾಕ ಬರ್ತೈತ್ರಿ.”

“ಬರಲ್ಲ ಅಂತ ಟ್ಯಾಬ್‌ನಾಗೆ ತೋರಿಸೈತಿ ಎರ್ರೆಮ್ಮ. ಅವಳು ಓದಿದ್ದು ನನಗೂ ತಿಳೀಲಿಲ್ಲ.”

“ನನಗ ತಿಳೀತೈತ್ರಿ. ಮನ್ಯಾಗ ದಿನಾ ಪಾಠ ಓದಿ ಹೇಳ್ತಾಳ. ನಾನು ರೊಟ್ಟಿ ಬಡಕೋತ ಕೇಳ್ತೀನಿ.”

“ನಿಮಗೆ ಓದಾಕೆ ಬರುತ್ತಾ?”

“ಇಲ್ರಿ.”

“ಮತ್ತೆ ಪುಸ್ತಕದಾಗಿನದ್ದು ಓದ್ತಾಳೋ, ತನಗೆ ತೋಚಿದ್ದು ಹೇಳ್ತಾಳೋ, ನಿಮಗೆ ಹೆಂಗೆ ಗೊತ್ತಾಗ್ಬೇಕು?”

ಎರ್ರೆಮ್ಮ ಮಗಳ ಮುಖ ನೋಡಿದಳು. ದುರ್ಗಾ ಏನೋ ಅಂದಳು. “ಹೋಗೂಣು ಅಂತಾಳ್ರಿ,” ಎಂದು ತಾಯಿ ಹೇಳಿ, ಹೋಗಲು ತಿರುಗಿದಳು.

“ತಡೀರಿ,” ಎಂದಳು ಗೀತಾಂಜಲಿ. ಮಾತು ಕೊಂಚ ಒರಟಾಯಿತೆಂದು ಅವಳಿಗೇ ಅನ್ನಿಸಿತ್ತು. ಟ್ಯಾಬ್ ತಂದು, ಹಿಂದೆ ಯಾರೂ ಓದದ, ಚಿತ್ರವಿಲ್ಲದ ಒಂದು ಪುಟ ತೆರೆದಳು. “ಅವಳು ಓದಿ ನಿಮ್ಮ ಕಿವ್ಯಾಗೆ ಹೇಳ್ಲಿ. ಏನಂದ್ಲೋ ಅದನ್ನ ನೀವು ಜೋರಾಗಿ ಹೇಳ್ರಿ. ನಿಮಗಂತೂ ಓದಾಕೆ ಬರಲ್ಲ. ಹಸಿರಾದ್ರೆ ಅದು ಅವಳು ಓದಿದ್ದೇ.”

‘ಕುರಿಗಳು ಕೆರೆ ದಾಟಿ ಮನೆ ಸೇರಿದವು’ ಎಂದಿತ್ತು ಪರದೆಯಲ್ಲಿ. ದುರ್ಗಾ ಅಕ್ಷರಗಳ ಮೇಲೆ ಕಣ್ಣಿಟ್ಟು ತಾಯಿಯ ಕಿವಿಗೆ ಬಾಯಿ ಹಚ್ಚಿದಳು.

“ಕುರಿಗಳು,” ಎಂದಳು ಎರ್ರೆಮ್ಮ. ಪದ ಹಸಿರಾಯಿತು. “ಕೆರಿ,” ಎಂದಳು. ಕೆಂಪಾಯಿತು.

ಎರ್ರೆಮ್ಮ ಆ ಕೆಂಪನ್ನೇ ನೋಡಿದಳು. “ಕೆರಿ ಅಂದೆಲ್ಲವ್ವಾ ನೀನು?” ದುರ್ಗಾ ಅಲ್ಲವೆಂದು ತಲೆಯಾಡಿಸಿ, ತಾಯಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ನಿಧಾನವಾಗಿ ಮತ್ತೊಮ್ಮೆ ಹೇಳಿದಳು. ಎದುರಿಗೇ ಕುಳಿತಿದ್ದ ಗೀತಾಂಜಲಿಗೆ ಈಗಲೂ ಅದು ತಿಳಿಯಲಿಲ್ಲ.

“ಕೆರಿ ಅಲ್ಲಂತ್ರಿ ಟೀಚರ್. ‘ಕೆರೆ’ ಅನ್ನಬೇಕಂತ. ಅಲ್ಲಿ ಹಂಗ ಬರದೈತಂತ.”

ಪದ ಹಸಿರಾಯಿತು. ಮುಂದೆ ‘ಮನಿ’ ಎಂದಾಗಲೂ ಹಾಗೆಯೇ. ಮಗಳು ತಿದ್ದಿದಳು, ತಾಯಿ ‘ಮನೆ’ ಎಂದಳು. ಹುಟ್ಟಿದಾಗಿನಿಂದ ಕೆರಿ, ಮನಿ ಎಂದೇ ಅನ್ನುತ್ತ ಬಂದ ಹೆಂಗಸಿನ ಬಾಯಲ್ಲಿ ಪುಸ್ತಕದ ಮಾತು ಬರಬೇಕಾದರೆ ಅದನ್ನು ಯಾರಾದರೂ ಓದಿಯೇ ಹೇಳಿರಬೇಕು. ಗೀತಾಂಜಲಿ ಪುಟ ಮುಗಿಯುವವರೆಗೂ ಕಾಯಲಿಲ್ಲ. ಎದ್ದು ಹೋಗಿ ದುರ್ಗಾಳ ಚೀಲವನ್ನು ತಾನೇ ಎತ್ತಿಕೊಂಡು ನಾಲ್ಕನೇ ತರಗತಿಯ ಮಕ್ಕಳ ನಡುವೆ ಇಟ್ಟು ಬಂದಳು.

ಆದರೂ ಓದಿನ ಪರೀಕ್ಷೆಯ ಫಲಿತಾಂಶ ವಾರವಾರವೂ ಟ್ಯಾಬಿನಲ್ಲಿ ಬರಲೇಬೇಕಿತ್ತು. ಹಾಗಾಗಿ ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಎರ್ರೆಮ್ಮ ಶಾಲೆಗೆ ಬಂದು, ಮಗಳು ಓದಿದ್ದನ್ನು ಟ್ಯಾಬಿಗೆ ಹೇಳಿ ಹೋಗತೊಡಗಿದಳು. ಮೊದಮೊದಲು ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದಳು. ಆಮೇಲೆ ಮಗಳ ಬೆರಳು ಎಲ್ಲಿದೆಯೆಂದು ನೋಡಹತ್ತಿದಳು. ತಾನು ಅಂದ ಮಾತು ಆ ಬೆರಳಿನ ಮೇಲೆ ಹಸಿರಾಗುವುದು ಅವಳಿಗೆ ಚೆಂದ ಕಾಣುತ್ತಿತ್ತು. ಕೆರೆ ಎಂದಾಗ ಹಸಿರಾಗುವ ಅಕ್ಷರಗಳು ಪ್ರತಿಸಲವೂ ಅವೇ ಎಂದು ಯಾವಾಗ ಅರಿವಾಯಿತೋ ಅವಳಿಗೇ ಗೊತ್ತಿರಲಿಲ್ಲ.

ಬೇಸಿಗೆ ಹತ್ತಿರವಾದ ಒಂದು ಶನಿವಾರ ದುರ್ಗಾಳಿಗೆ ಕೆಮ್ಮು. ಪದದ ಕೆಳಗೆ ಬೆರಳಿಟ್ಟು, ಕೆಮ್ಮು ಬಂದು ಮುಖ ತಿರುಗಿಸಿದಳು.

“ಮರದ,” ಎಂದಳು ಎರ್ರೆಮ್ಮ. ಹಸಿರಾಯಿತು. “ನೆ... ರ... ನೆರಳು.” ಅದೂ ಹಸಿರಾಯಿತು.

ದುರ್ಗಾ ಕೆಮ್ಮುವುದನ್ನು ನಿಲ್ಲಿಸಿ ತಾಯಿಯನ್ನು ನೋಡಿದಳು. ಗೀತಾಂಜಲಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

“ಅವಳು ಇನ್ನೂ ಹೇಳೇ ಇಲ್ಲಲ್ಲ ಎರ್ರೆಮ್ಮ.”

“ಹೌದಲ್ರಿ.” ಎರ್ರೆಮ್ಮ ಟ್ಯಾಬಿನಿಂದ ಹಿಂದಕ್ಕೆ ಸರಿದಳು. “ತಪ್ಪಾತೇನ್ರಿ?”

“ತಪ್ಪೇನಿಲ್ಲ. ಆದ್ರೆ ಇನ್ನ ಮ್ಯಾಲೆ ನಿಮ್ಮ ಸಾಕ್ಷಿ ನಡೆಯಂಗಿಲ್ಲ. ಓದಾಕೆ ಬರೋರು ಪರದೆ ನೋಡಬಾರದು. ಆ ಕಡೆ ತಿರುಗಿ ಕುಂದ್ರಿ.”

ಎರ್ರೆಮ್ಮ ಟ್ಯಾಬಿಗೆ ಬೆನ್ನು ಮಾಡಿ ಕುಳಿತು ಮಗಳಿಗೆ ಕಿವಿ ಕೊಟ್ಟಳು. ಎದುರಿನ ಗೋಡೆಯ ಮೇಲೆ ವಾರದ ದಿನಗಳನ್ನು ನೀಲಿ ಬಣ್ಣದಲ್ಲಿ ದಪ್ಪಗೆ ಬರೆದಿದ್ದರು. ದುರ್ಗಾ ಮುಂದಿನ ಪದ ಹೇಳಿದಳು, ಇನ್ನೊಮ್ಮೆ ಹೇಳಿದಳು, ಆಮೇಲೆ ತಾಯಿಯ ಸೆರಗು ಜಗ್ಗಿದಳು. ಎರ್ರೆಮ್ಮನಿಗೆ ಕೇಳಿಸಲಿಲ್ಲ. ಅವಳ ತುಟಿ ಅಲ್ಲಾಡುತ್ತಿತ್ತು, ಅವಳಾಗಲೇ ಮಂಗಳವಾರದಲ್ಲಿದ್ದಳು.