ಮಫ್ತಿಯಲ್ಲಿ ಬಂದವನು

"ಆ ನಾಯಿ ಬರಲ್ಲ ಬಿಡು ಮಾಮ," ಎಂದಳು ಗ್ಲೆನಿಸ್, ಸರಕಾರಿ ಕಚೇರಿಯ ಬಾಗಿಲನ್ನೇ ದುರುಗುಟ್ಟಿ ನೋಡುತ್ತ.

"ಬರದಿದ್ರೇ ಒಳ್ಳೇದು," ಎಂದ ಕ್ಲೆಮ್. "ಅವನನ್ನ ಇದಕ್ಕೆ ಎಳೀಬೇಡ ಅಂತ ಎಷ್ಟು ಬಡ್ಕೊಂಡೆ ನಾನು."

ತಲೆ ನರೆತು ಗಡ್ಡ ಎದೆಗೆ ಇಳಿದರೂ ಮಾಮನಿಗೆ ಆ ಮನುಷ್ಯನ ಭಯ ಹೋಗಿಲ್ಲ. ಗ್ಲೆನಿಸ್‌ಗೆ ಹೊಟ್ಟೆ ಉರಿಯಿತು.

ಅವರಿಬ್ಬರೂ ರಾಜಧಾನಿ ಹೋಬಾರ್ಟಿನವರೆಗೆ ಬಂದದ್ದು ಕ್ರಿಸ್‌ಮಸ್ ತಾತನ ದೆಸೆಯಿಂದ. ಆ ನಾಡಿನಲ್ಲಿ ಬೇಸಿಗೆಯಾದ ಡಿಸೆಂಬರಿನ ಸುಡುಬಿಸಿಲಲ್ಲಿ ಊರಿನ ಅಗ್ನಿಶಾಮಕ ಲಾರಿಯ ಮೇಲೆ ಕೂತು ಮಕ್ಕಳಿಗೆ ಮಿಠಾಯಿ ಎರಚುತ್ತಿದ್ದ ಹಳೆಯ ತಾತ ತೀರಿಕೊಂಡಿದ್ದ. ಊರವರ ಕಣ್ಣು ಕ್ಲೆಮ್‌ನ ಅಸಲಿ ಬಿಳಿ ಗಡ್ಡದ ಮೇಲೆ ಬಿತ್ತು. ಅವನೂ ಹಿರಿಹಿರಿ ಹಿಗ್ಗಿ ಕೆಂಪು ಅಂಗಿ ಹೊಲಿಸಿಕೊಂಡ. ಆದರೆ ಮಕ್ಕಳ ಹತ್ತಿರ ಸುಳಿಯುವವರಿಗೆ ಪೊಲೀಸ್ ತಪಾಸಣೆ ಕಡ್ಡಾಯ. ತಪಾಸಣೆಯಾಯಿತು, ಗಂಡು ಗಂಡನ್ನು ಕೂಡುವುದೇ ಅಪರಾಧವಾಗಿದ್ದ ಕಾಲದ ಶಿಕ್ಷೆಯೊಂದು ಎದ್ದು ಕೂತಿತು. ಕಾನೂನು ಸತ್ತು ಎಷ್ಟೋ ಕಾಲವಾಗಿತ್ತು, ಅದರ ದೆವ್ವ ಮಾತ್ರ ಗಟ್ಟಿಯಾಗಿತ್ತು. ಕೆಂಪು ಅಂಗಿ ಬೀರು ಸೇರಿತು.

ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಕಡಲ ದಡದಲ್ಲಿ ಈಜುವವರು ಬಟ್ಟೆ ಬದಲಿಸುವ ಮರದ ಕೋಣೆ. ಒಂದು ಭಾನುವಾರ ವರ್ನ್ ಹಸ್ಕಿನ್ಸ್ ಎಂಬ ಎಳೆಯ ಪೇದೆ ಮಫ್ತಿಯಲ್ಲಿ ಹೋಗಿ ಗಾಳ ಹಾಕಿದ, ಕ್ಲೆಮ್ ಕಚ್ಚಿದ. ಹಿಂದೆಯೇ ಬಂದ ಸಾರ್ಜೆಂಟ್ ಬಾಗಿಲು ತೆಗೆದ. ಕೋಳ ತೊಡಿಸಿದವನು ಹಸ್ಕಿನ್ಸ್. ಕ್ಲೆಮ್ ಕೋರ್ಟಿನಲ್ಲಿ ಒಂದು ಮಾತೂ ಆಡದೆ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಹಸ್ಕಿನ್ಸ್ ಬಡ್ತಿಯ ಮೇಲೆ ಬಡ್ತಿ ಪಡೆದು, ಪದಕ ತೂಗಿಸಿಕೊಂಡು ನಿವೃತ್ತನಾದ.

ಈಗ ಸರಕಾರಕ್ಕೆ ಪಶ್ಚಾತ್ತಾಪ. ಹಳೆಯ ಶಿಕ್ಷೆಯನ್ನು ಅಳಿಸಿಕೊಡುತ್ತದಂತೆ, ಜೊತೆಗಿದ್ದವನೂ ಒಪ್ಪಿಯೇ ಕೂಡಿದ್ದ ಎಂದು ಸಾಬೀತಾದರೆ. ಜೊತೆಗಿದ್ದವನು ಹಸ್ಕಿನ್ಸ್! ಕೋಳ ತೊಡಿಸಿದವನ ಬಾಯಿಂದಲೇ ನನಗೂ ಇಷ್ಟವಿತ್ತು ಎಂದು ಹೇಳಿಸಬೇಕು. ಗ್ಲೆನಿಸ್ ಅವನ ಮನೆಗೇ ಹೋಗಿ ಕೇಳಿದ್ದಳು. ಅವನು ಬಾಗಿಲು ಹಾಕಿಕೊಂಡಿದ್ದ.

ಈಗ ಕಚೇರಿಯ ಬಾಗಿಲು ತೆರೆಯಿತು. ಊರುಗೋಲು ಊರುತ್ತ ಹಸ್ಕಿನ್ಸ್ ಒಳಗೆ ಬಂದ.

ಯಾರ ಮುಖವನ್ನೂ ನೋಡದೆ ಕೂತ. ಮೇಜಿನ ಮೇಲಿದ್ದ ಚಹಾದ ಕಪ್ಪೊಂದನ್ನು ಕ್ಲೆಮ್‌ನತ್ತ ಸರಿಸಿ, ಅದರ ಹಿಡಿಯನ್ನು ಎಡಕ್ಕೆ ತಿರುಗಿಸಿಟ್ಟ. ಕ್ಲೆಮ್ ಎಡಗೈಯಲ್ಲಿ ಎತ್ತಿಕೊಂಡು ಗುಟುಕರಿಸಿದ.

"ಜೈಲಿಗೆ ಹಾಕಿಸಿದವನಿಂದ ಉಪಚಾರ ಬೇರೆ," ಎಂದು ಚುಚ್ಚಿದಳು ಗ್ಲೆನಿಸ್.

ಅರ್ಜಿಯ ವಿಚಾರಣೆಗೆ ಕೂತಿದ್ದ ಅಧಿಕಾರಿಣಿ ಕೆಮ್ಮಿದಳು. "ಹಸ್ಕಿನ್ಸ್ ಅವರೇ, ಅವತ್ತು ನಿಮ್ಮ ಒಪ್ಪಿಗೆ ಇತ್ತಾ?"

"ಇತ್ತು."

ಗ್ಲೆನಿಸ್‌ಗೆ ಹೋದ ಜೀವ ಬಂದಂತಾಯಿತು. ಆದರೆ ಅಧಿಕಾರಿಣಿ ಅಡ್ಡಡ್ಡ ತಲೆಯಾಡಿಸಿದಳು.

"ಕ್ಷಮಿಸಿ. ಡ್ಯೂಟಿ ಮೇಲೆ ಮಫ್ತಿಯಲ್ಲಿ ಹೋಗಿ ಒಪ್ಪಿದ ಹಾಗೆ ನಟಿಸಿದ್ರೆ ಅದು ಒಪ್ಪಿಗೆ ಆಗಲ್ಲ. ಈ ಅರ್ಜಿ ನಿಲ್ಲಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗ್ಲೆನಿಸ್‌ಗೆ ಅಳು ಉಕ್ಕಿ ಬಂತು. ಬೀರುವಿನ ಅಂಗಿ ಇನ್ನು ನುಸಿಗೇ ಸೈ.

ಕ್ಲೆಮ್ ಎದ್ದು ನಿಂತ. "ಸಾಕು ವರ್ನ್, ಮನೆಗೆ ಹೋಗು. ಹೆಂಡ್ತಿ, ಮೊಮ್ಮಕ್ಕಳು ಇರೋನು ನೀನು. ತಾತ ಬೇರೆ ಯಾರಾದ್ರೂ ಆಗ್ಲಿ."

ಹಸ್ಕಿನ್ಸ್ ಏಳಲಿಲ್ಲ. ಊರುಗೋಲನ್ನು ಮೇಜಿಗೆ ಒರಗಿಸಿದ.

"ಮಫ್ತಿ ಅಲ್ಲ ಮೇಡಂ, ಅವತ್ತು ನನಗೆ ರಜ. ಆ ಬೇಸಿಗೇಲಿ ಪ್ರತಿ ಭಾನುವಾರ ನಾವಿಬ್ರೂ ಅಲ್ಲೇ ಇರ್ತಿದ್ವಿ," ಎಂದ. "ನನ್ನ ಡ್ಯೂಟಿ ಶುರುವಾಗಿದ್ದು ಸಾರ್ಜೆಂಟ್ ಬಾಗಿಲು ತೆಗೆದ ಮೇಲೆ."