ಹನ್ನೊಂದನೆಯ ಸದಸ್ಯ

ಹತ್ತು ಹೆಸರುಗಳನ್ನು ಹೊಂಬಾಳಮ್ಮ ಗಂಟೆ ಬಾರಿಸಿದಂತೆ ಓದಿದಳು. ಹನ್ನೊಂದನೆಯದರ ಬಳಿ ನಿಂತಳು. ಹಾಜರಿ ಪುಸ್ತಕದಿಂದ ಕಣ್ಣೆತ್ತದೆ, "ಮರಳೂರಿನವರು," ಎಂದಳು.

"ಹಾಜರ್," ಎಂದ ಷಡಕ್ಷರಿ, ಹಲ್ಲು ಕಚ್ಚಿ. ಸತತವಾಗಿ ಇದು ನಾಲ್ಕನೆಯ ಭಾನುವಾರ.

೧೯೮೧ರ ಬೇಸಿಗೆ. ತುಮಕೂರಿನ ಹದಿಹರೆಯದ ಮಕ್ಕಳಿಗೆ ರಜೆಯ ಆಟಪಾಟಗಳನ್ನು ಗೊತ್ತುಮಾಡಲು ನಗರಸಭೆ ಒಂದು ಯುವ ಮಂಡಳಿಯನ್ನು ನೇಮಿಸಿತ್ತು. ಕಾರ್ಯದರ್ಶಿಯನ್ನು ಬಿಟ್ಟು ಸದಸ್ಯರು ಹನ್ನೊಂದು ಮಂದಿ. ಮೇಲ್ವಿಚಾರಣೆಗೆ ನಿವೃತ್ತ ಡ್ರಿಲ್ ಮೇಷ್ಟ್ರು ಪರಮಶಿವಯ್ಯನವರು. ಕಾರ್ಯದರ್ಶಿ ಹೊಂಬಾಳಮ್ಮ, ಗುಬ್ಬಿಯಿಂದ ರೈಲಿನಲ್ಲಿ ಬಂದುಹೋಗುವ ಬಿ.ಎ. ವಿದ್ಯಾರ್ಥಿನಿ. ಷಡಕ್ಷರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೊದಲ ಸಭೆಯಲ್ಲೇ ಅವನು ಆಕೆಗೆ ಮನಸ್ಸು ಕೊಟ್ಟುಬಿಟ್ಟಿದ್ದ. ಆಕೆಗೋ, ಅವನ ಹೆಸರು ಹೇಳುವಷ್ಟೂ ಮನಸ್ಸಿದ್ದಂತಿರಲಿಲ್ಲ.

ಅಂದು ಕೆಲಸದ ಹಂಚಿಕೆ. ಖೋ ಖೋ ಉಸ್ತುವಾರಿ ಷಡಕ್ಷರಿಯ ಗೆಳೆಯ ಕರಿಸಿದ್ದಪ್ಪನಿಗೆ ಬಂತು. ಕೇರಂ, ಚದುರಂಗ, ಕಬಡ್ಡಿಗಳಿಗೂ ಹೆಸರುಗಳು ಸರಾಗವಾಗಿ ಬಿದ್ದವು.

"ಸ್ಲೋ ಸೈಕಲ್ ರೇಸಿಗೆ..." ಹೊಂಬಾಳಮ್ಮ ಪೆನ್ನಿನ ತುದಿ ಕಚ್ಚಿದಳು. "ಕನ್ನಡಕದವರು."

"ಕನ್ನಡಕ ನನಗೂ ಇದೆಯಲ್ಲಮ್ಮ," ಎಂದರು ಪರಮಶಿವಯ್ಯ. "ಈ ವಯಸ್ಸಲ್ಲಿ ನಾನು ಸೈಕಲ್ ಹತ್ಲಾ?"

ಮಂಡಳಿ ಬಿದ್ದು ಬಿದ್ದು ನಕ್ಕಿತು. ಆಕೆಯೂ ನಕ್ಕಳು, ಮುಖವೆಲ್ಲ ಕೆಂಪಾಗಿ. ನಗದವನು ಷಡಕ್ಷರಿ ಒಬ್ಬನೇ. ಇಂದು ಹೆಸರು ಕೂಗದವಳು ನಾಳೆ ಪಟ್ಟಿಯಿಂದಲೇ ತೆಗೆದಾಳೆಂದು ಅವನ ಅನುಮಾನ.

ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕವನ್ನು ಬಿಡಿಸಿ ನೋಡಿದ. ಅವನ ಹೆಸರು ಅಲ್ಲಿತ್ತು. ಗುಂಡಗೆ, ಮುದ್ದಾಗಿ, ಉಳಿದ ಹತ್ತಕ್ಕಿಂತ ಹೆಚ್ಚು ನಿಗಾ ವಹಿಸಿ ಬರೆದಂತಿತ್ತು. ಕೈ ಬರೆಯುತ್ತದೆ, ನಾಲಿಗೆ ಹೇಳುವುದಿಲ್ಲ. ಈ ಸಮೀಕರಣ ಅವನಿಗೆ ಬಿಡಿಸಲಾಗಲಿಲ್ಲ.

ಬಿಡಿಸಿದವನು ಕರಿಸಿದ್ದಪ್ಪ, ಹೋಟೆಲಿನಲ್ಲಿ ದೋಸೆ ಮುರಿಯುತ್ತ.

"ನಮ್ಮವ್ವ ಇವತ್ತಿಗೂ ನಮ್ಮಪ್ಪನ ಹೆಸ್ರು ಬಾಯಲ್ಲಿ ಹೇಳಿಲ್ಲ ಕಣ್ಲಾ. ರೇಷನ್ ಕಾರ್ಡ್ ಮಾಡ್ಸೋಕೋದಾಗ, ಯಜಮಾನ್ರ ಹೆಸ್ರೇನಮ್ಮ ಅಂದ್ರೆ, 'ಇವನ್ನೇ ಕೇಳಿ' ಅಂತ ನನ್ನ ಮುಂದಕ್ಕೆ ತಳ್ಳುದ್ಲು."

"ಅದಕ್ಕೂ ಇದಕ್ಕೂ ಏನೋ ಸಂಬಂಧ?"

"ಲೆಕ್ಕದ ಮೇಷ್ಟ್ರು ಬೇರೆ ನೀನು! ಹೆಂಗಸ್ರು ಊರೋರ ಹೆಸ್ರೆಲ್ಲ ಹೇಳ್ತಾರೆ, ಒಬ್ಬುಂದ್ ಬುಟ್ಟು. ಆ ಒಬ್ಬ ಯಾರ್ಲಾ?"

ಷಡಕ್ಷರಿಯ ಕೈಯ ದೋಸೆಯ ತುಂಡು ಚಟ್ನಿಗೆ ಹೋಗದೆ ನೀರಿನ ಲೋಟಕ್ಕೆ ಬಿತ್ತು. ಹನ್ನೊಂದರಲ್ಲಿ ಹತ್ತು ಕಳೆದರೆ ಉಳಿಯುವುದು ಒಂದು. ಆ ಒಂದು ತಾನು.

ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಭ್ಯಾಸದ ದಿನ, ನಿಧಾನ ಸೈಕಲ್ ಎಂದರೇನೆಂದು ತೋರಿಸಲು ತಾನೇ ಹತ್ತಿದ. ಕಾಲೂರದೆ, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನು ಗೆದ್ದಂತೆ. ಷಡಕ್ಷರಿ ಬಾಣದಂತೆ ಗೆರೆ ದಾಟಿ, ಖೋ ಖೋ ಆಡುತ್ತಿದ್ದವರ ನಡುವೆ ನುಗ್ಗಿ, ಕಂಬಕ್ಕೆ ತಾಗಿ ನಿಂತ.

"ಇದು ಸ್ಲೋನಾ ಸಾರ್?" ಎಂದು ಹುಡುಗಿಯೊಬ್ಬಳು ಕೂಗಿದಳು. "ಫಾಸ್ಟ್ ಅಂದಿದ್ರೆ ಶಿರಾಕ್ಕೇ ಹೋಗ್ಬಿಡ್ತಿದ್ರಿ!"

ಹೊಂಬಾಳಮ್ಮ ನಗು ತಡೆಯುತ್ತ ಓಡಿಬಂದು, "ಪೆಟ್ಟಾಯ್ತಾ?" ಎಂದಳು. ಹೆಸರು ಹಿಡಿದು ಕೇಳಲಿಲ್ಲ. ಮೊಣಕಾಲಿನ ನೋವು ಅಲ್ಲಿಗೇ ಮಾಯವಾಯಿತು.

ಆದರೂ ತಾಳೆ ನೋಡದೆ ಉತ್ತರವನ್ನು ಒಪ್ಪುವವನಲ್ಲ ಅವನು. ಉದ್ಘಾಟನೆಯ ದಿನ ತೀರ್ಪುಗಾರರನ್ನು ಕಾರ್ಯದರ್ಶಿಯೇ ಮೈಕಿನಲ್ಲಿ ಹೆಸರು ಹಿಡಿದು ಕರೆಯಬೇಕೆಂದು ನಿರ್ಣಯ ಮಾಡಿಸಿದ.

ಮೈದಾನದಲ್ಲಿ ಮುನ್ನೂರು ಮಕ್ಕಳು. ಉಳಿದವರನ್ನೆಲ್ಲ ಕರೆದಾಯಿತು.

"ಸ್ಲೋ ಸೈಕಲ್ ರೇಸಿನ ತೀರ್ಪುಗಾರರು, ಶ್ರೀ... ಶ್ರೀ..." ಮೈಕು ಕುಯ್ ಎಂದಿತು. "ಅವರು ಬರಬೇಕು."

"ಅವ್ರು ಅಂದ್ರೆ ಯಾರಕ್ಕಾ?" ಎಂದವು ಮುನ್ನೂರು ಗಂಟಲುಗಳು.

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ವೇದಿಕೆಯಿಂದ ಇಳಿದು ಓಡಿದಳು. ತಾಳೆ ಸರಿಹೋಯಿತು. ಅಂದಿನ ತೀರ್ಪಿನಲ್ಲಿ ಮೊದಲು ಬಂದವನಿಗೂ ಬಹುಮಾನ ಸಿಕ್ಕಿತು, ಕೊನೆಗೆ ಬಂದವನಿಗೂ ಸಿಕ್ಕಿತು, ನಡುವೆ ಬಿದ್ದವನಿಗೂ ಸಿಕ್ಕಿತು.

ಗುರುವಾರ ಬೆಳಿಗ್ಗೆ ತಾಯಿ ಸಿದ್ದಗಂಗಮ್ಮನೊಡನೆ ಗುಬ್ಬಿಯ ರೈಲು ಹತ್ತಿದ.

"ಹುಡುಗಿ ಒಪ್ಪವ್ಳೇನೋ?"

"ಬಾಯಿ ಬಿಟ್ಟು ಹೇಳಿಲ್ಲಮ್ಮ."

"ಮತ್ತೆ?"

"ಹೇಳದೇ ಇರೋದೇ ಒಪ್ಪಿಗೆ."

ಸಿದ್ದಗಂಗಮ್ಮ ಮಗನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ಹುಡುಗಿಯ ತಂದೆ ನಗುಮುಖದಿಂದ ಎದುರುಗೊಂಡರು. ಮಂಡಳಿಯ ಮೇಷ್ಟ್ರು, ಅವರ ತಾಯಿ ಎಂದು ತಿಳಿದು ಚಾಪೆ ಹಾಸಿಸಿದರು. ಷಡಕ್ಷರಿ ಜಗಲಿಯ ಮೇಲೆ ಬೂಟಿನ ದಾರದೊಡನೆ ಹೆಣಗುತ್ತಿದ್ದ.

"ನಿಮ್ಮ ಮಗಳ ವಿಷ್ಯ ಮಾತಾಡೋದಿತ್ತು," ಎಂದು ಸಿದ್ದಗಂಗಮ್ಮ ಪೀಠಿಕೆ ಹಾಕಿದರು.

"ಅವಳ ವಿಷ್ಯ ಏನಿದ್ರೂ ನಮ್ಮ ಭಾಮೈದನ ಮುಂದೆ ಆಡ್ಬೇಕಮ್ಮ. ಈ ಮನೇಲೇ ಇರೋದು, ಸ್ನಾನಕ್ಕೋಗವ್ನೆ. ಬಂದ್ಬುಡ್ತಾನೆ."

ಸೋದರಮಾವನ ಮಾತಿಗೆ ಇಷ್ಟು ಬೆಲೆಯಿರುವುದು ಒಳ್ಳೆಯ ಮನೆತನದ ಲಕ್ಷಣವೆಂದುಕೊಂಡು ಸಿದ್ದಗಂಗಮ್ಮ ಬಾಗಿಲ ಕಡೆಗೆ ತಿರುಗಿ ಕೂಗಿದರು:

"ಷಡಕ್ಷರೀ, ಆ ಹೂವು ಹಣ್ಣಿನ ಬುಟ್ಟಿ ಒಳಕ್ಕೆ ತಾರಪ್ಪ!"

"ಬಂದೆ, ಬಂದೆ! ಯಾರು ಕರೆದಿದ್ದು?" ಎಂಬ ಗಂಡುದನಿ ಬಚ್ಚಲುಮನೆಯಿಂದ ಕೇಳಿಬಂತು. ಕಾಫಿ ತರುತ್ತಿದ್ದ ಹೊಂಬಾಳಮ್ಮ ಒಳಬಾಗಿಲಲ್ಲೇ ನಿಂತು ಕೆಂಪಾದಳು.

"ಅಯ್ಯೋ, ನಿಮ್ಮ ಹುಡುಗುನ್ ಹೆಸ್ರೂ ಅದೇನಾ?" ತಂದೆ ತೊಡೆ ತಟ್ಟಿ ನಕ್ಕರು. "ತೊಟ್ಟಿಲಲ್ಲಿದ್ದಾಗ್ಲೇ ಇವಳು ನಮ್ಮ ಭಾಮೈದಂಗೇ ಅಂತ ಮಾತಾಗೋಗಿತ್ತು ಕಣಮ್ಮ; ಮಾತು ಕಲಿತಾಗಿಂದ ಈ ಹುಡುಗಿ ಆ ಹೆಸ್ರು ಒಂದ್ಸಲಾನೂ ಬಾಯಲ್ಲಿ ಆಡಿಲ್ಲ!"