ಸದ್ದಿಲ್ಲದ ಕ್ಯಾಸೆಟ್

ಅಳಿಸಿಹೋಗದಿರಲೆಂದು ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ತುಣುಕನ್ನು ಮುರಿದಿರುತ್ತಾರೆ. ಆ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಮಾಡಬಹುದು. ಈಗಲೂ ಯಾರಾದರೂ ಸೆಲ್ಲೋಟೇಪ್ ಎಳೆದರೆ ಆ ಸದ್ದಿಗೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತೇನೆ.

ಶ್ರೀನಗರ ಬಡಾವಣೆಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ದೊಡ್ಡಪ್ಪನ ಗೋಡೆ ತುಂಬ ಪುಸ್ತಕ, ಸಿನಿಮಾ ಸಿ.ಡಿ., ಜಾಝ್ ಮತ್ತು ಹಿಂದೂಸ್ತಾನಿ ರೆಕಾರ್ಡುಗಳಿದ್ದವು. ರೆಕಾರ್ಡು ಸವೆಯಬಾರದೆಂದು ಅವರು ಸ್ಪೀಕರಿನ ಮುಂದೆ ಮೈಕ್ ಇಟ್ಟು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಆಗ ಯಾರೂ ಮಾತಾಡುವಂತಿರಲಿಲ್ಲ. “ಉಸಿರೂ ಮೆತ್ತಗೆ ಬಿಡು ಪುಟ್ಟಿ,” ಎನ್ನುತ್ತಿದ್ದರು. ದೊಡ್ಡಮ್ಮ ಮಾತ್ರ ಒಮ್ಮೆ ಪಿಯಾನೋ ರೆಕಾರ್ಡೊಂದನ್ನು ಇಳಿಸಿಕೊಳ್ಳುವಾಗ ನಡುವೆಯೇ ಅಡುಗೆಮನೆಯಿಂದ, “ರೀ, ನಿಮ್ಮ ಟೊಂಯ್ ಟೊಂಯ್ ಮುಗೀತಾ? ಊಟಕ್ಕೆ ಬನ್ನಿ!” ಎಂದು ಕೂಗಿಬಿಟ್ಟಿದ್ದರು.

ದೊಡ್ಡಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪ ಆ ಕೂಗು ಸೇರಿಕೊಂಡಿದ್ದ ಕ್ಯಾಸೆಟ್ಟನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಅವರು ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ, ಒಂಬತ್ತು ವರ್ಷದ ನಾನು ಕ್ಯಾಸೆಟ್ಟಿನ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿ, ಅದೇ ರೆಕಾರ್ಡು ಹಾಕಿ, ಬಾಯಿಗೆ ಕೈ ಅಡ್ಡ ಹಿಡಿದು ಕುಳಿತು, ಅದೇ ಕ್ಯಾಸೆಟ್ಟಿಗೆ ಹೊಸದಾಗಿ ಇಳಿಸಿದೆ.

ಸಂಜೆ ಅವರು ಕೇಳುತ್ತ ಕುಳಿತರು. ಪಿಯಾನೋ ನಿರಾತಂಕವಾಗಿ ಮುಂದೆ ಹೋಯಿತು.

“ಇಲ್ಲಿ ನಿಮ್ಮ ದೊಡ್ಡಮ್ಮ ಕರೀತಿದ್ಲಲ್ಲ?”

“ಆ ಗಲಾಟೆ ತೆಗೆದುಬಿಟ್ಟೆ ದೊಡ್ಡಪ್ಪ. ಈಗ ಒಂದು ಸದ್ದೂ ಇಲ್ಲ.”

ಅವರು ತುಂಬ ಹೊತ್ತು ನನ್ನ ತಲೆಯ ಮೇಲೆ ಕೈ ಇಟ್ಟಿದ್ದರು. “ನೀಟಾಗಿ ಮಾಡಿದೀಯ,” ಎಂದರು.

ಮಾರನೆಯ ಬೆಳಿಗ್ಗೆ ಹೊಟ್ಟೆನೋವೆಂದು ಹೇಳಿ ನಾನು ಸ್ಕೂಲಿಗೆ ಹೋಗಲಿಲ್ಲ. ಅವರು ಇಳಿಸಿಟ್ಟಿದ್ದ ಉಳಿದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿ, ದೊಡ್ಡಮ್ಮನ ದನಿಗಾಗಿ ಕೇಳುತ್ತ ಕುಳಿತೆ. ಒಂದರಲ್ಲೂ ಒಂದು ಕೆಮ್ಮು ಕೂಡ ಇರಲಿಲ್ಲ.